ಶಂಭುಲಿಂಗಯ್ಯನವರ ಅಟ್ಟ, ಮಂಗಳಾಳ ಮನೆ

ತಿಪಟೂರಿನಲ್ಲಿ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿಯುವವರು ಮೊದಲು ತಲೆಯೆತ್ತಿ ನೋಡಬೇಕು. ಮೇಲೆ ಅಟ್ಟವಿದ್ದು, ಅಟ್ಟದ ತುಂಬ ಮಾಲೀಕರ ತೆಂಗಿನಕಾಯಿ ಇದ್ದರೆ, ನಿಮಗಿಂತ ಮುಂಚೆಯೇ ಅಲ್ಲಿ ಬಾಡಿಗೆದಾರರು ಸೇರಿಕೊಂಡಿದ್ದಾರೆ ಎಂದರ್ಥ. ಅವರು ಬಾಡಿಗೆ ಕೊಡುವುದಿಲ್ಲ. ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ, ಹೆಚ್ಚುಕಡಿಮೆ ನಿಮ್ಮ ಅಗ್ರಿಮೆಂಟಿನಷ್ಟೇ ಹನ್ನೊಂದು ತಿಂಗಳು, ಅಲ್ಲಿಂದ ಅಲ್ಲಾಡುವುದೂ ಇಲ್ಲ. ಆದರೂ ಮಾಲೀಕರ ಪ್ರೀತಿಯೆಲ್ಲ ಅವರ ಮೇಲೇ.

ನಮ್ಮ ಎದುರು ಮನೆಯ ಮಂಗಳಾ ತಲೆಯೆತ್ತಿ ನೋಡದೆ ಬಂದವಳು. ತುರುವೇಕೆರೆ ಕಡೆಯವಳು, ರವಿಕೆ ಹೊಲಿಯುವುದು ಕಸುಬು. ಗಂಡ ಕೊಬ್ಬರಿ ಲಾರಿ ಹತ್ತಿ ದೆಹಲಿ ಕಡೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ನನ್ನ ಹೆಂಡತಿಗೆ ನನ್ನ ಬಗೆಗಿನ ಅಭಿಪ್ರಾಯ ದಿನಕ್ಕೊಂದು ಥರ ಇರುತ್ತದೆ. ಮಂಗಳಾಳ ಕತ್ತರಿಯ ಬಗ್ಗೆ ಮಾತ್ರ ಮದುವೆಗೆ ಮುಂಚಿನ ಗೌರವ.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು. ನಡುಮನೆಯಲ್ಲಿ ಅಳತೆ ಕೊಡಲು, ತೊಟ್ಟು ನೋಡಲು ಒಂದು ಪರದೆ. ಆ ಪರದೆಯ ಮಗ್ಗುಲಲ್ಲೇ ಅಟ್ಟದ ಏಣಿ.

ಮಾಲೀಕ ಶಂಭುಲಿಂಗಯ್ಯನವರ ತೋಟ ಕಂದಿಕೆರೆ ಹತ್ತಿರ. ಊರಿಗೆ ಬಂದಾಗಲೆಲ್ಲ ಬಾಗಿಲು ತಟ್ಟದೆ, ಕೂಗದೆ, ನೆಟ್ಟಗೆ ಒಳಗೆ ಬಂದು ಏಣಿ ಹತ್ತುತ್ತಿದ್ದರು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ನೀರಿನ ಸದ್ದು ಎಷ್ಟು ಉಳಿದಿದೆಯೆಂದು ಆಲಿಸುತ್ತಿದ್ದರು. ಮನುಷ್ಯ ಒಳ್ಳೆಯವರು. ಕಿವಿಗೊಡುತ್ತಿದ್ದದ್ದು ಕಾಯಿಗೆ ಮಾತ್ರ. ಕೆಳಗೆ ಪರದೆಯ ಹಿಂದೆ ಹೆಂಗಸರು ಗಾಬರಿಯಿಂದ ಸೆರಗು ಹುಡುಕುತ್ತಿದ್ದದ್ದು ಅವರ ಗಮನಕ್ಕೇ ಬರುತ್ತಿರಲಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಮಂಗಳಾ ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದಳು. ಒಂದು ದಿನ ಬೀದಿಯಲ್ಲೇ ಮಾತು ಬೆಳೆಯಿತು.

"ನನ್ನ ಮನೆಗೆ ನಾನು ಬರಕ್ಕೆ ಚಿಲಕ ಹಾಕ್ತೀಯೇನಮ್ಮ?"

"ಮನೆ ನಿಮ್ದೇ ಯಜಮಾನ್ರೇ. ಬಾಡಿಗೆ ಕೊಟ್ಟು ಇರೋಳು ನಾನು. ಹೊರಗಿಂದ ಒಂದು ಕೂಗು ಹಾಕಿ ಬನ್ನಿ ಅಂದೆ. ಬರಲೇಬ್ಯಾಡಿ ಅಂದ್ನಾ?"

"ನನ್ನ ಕಾಯಿ ನೋಡಕ್ಕೆ ನಿನ್ನ ಅಪ್ಪಣೆ ಬೇಕಾ? ತಿಂಗಳ ಕೊನೆಗೆ ಖಾಲಿ ಮಾಡ್ಬುಡು."

ಮಂಗಳಾ ನನ್ನ ಬಳಿ ಬಂದಳು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನನ್ನ ಕಾನೂನಿನ ಓದು ಕೋರ್ಟಿನ ಎದುರು ಕುಡಿದ ಕಾಫಿಯಷ್ಟೇ. ನನ್ನ ಬಾಡಿಗೆ ಮನೆಯ ನಲ್ಲಿ ಸೋರುತ್ತಿದ್ದರೂ ಓನರ್ ಮುಂದೆ ಬಾಯಿ ಬಿಡಲಾಗದೆ ಅದನ್ನು ಸಂಗೀತವೆಂದು ಒಪ್ಪಿಕೊಂಡವನು. ಆದರೆ ಬೇರೆಯವರ ಓನರ್ ವಿಷಯದಲ್ಲಿ ನನಗೆಲ್ಲಿಲ್ಲದ ಧೈರ್ಯ.

"ಅಗ್ರಿಮೆಂಟಿನ ಅವಧಿ ಇನ್ನೂ ಇದೆ. ಬಾಯಿಮಾತಲ್ಲಿ ಬಿಡಿಸೋಕಾಗಲ್ಲ. ನೋಟಿಸು ಕೊಡಬೇಕು, ಕೋರ್ಟಿಗೆ ಹೋಗಬೇಕು" ಎಂದೆ.

"ಕೋರ್ಟಲ್ಲಿ ಗೆದ್ರೆ ಗಿರಾಕಿ ಬತ್ತಾರಾ ಮೇಷ್ಟ್ರೇ? ಈ ಬೀದಿ ಬಿಟ್ರೆ ನನ್ನ ಹೊಲಿಗೆ ಯಾರಿಗೆ ಗೊತ್ತು? ಮೊದಲಿಂದ ಶುರು ಮಾಡ್ಬೇಕು" ಎಂದಳು. ನಾನು ಹೆಂಡತಿಯನ್ನು ಕೂಗಿ ಅವಳಿಗೂ ಒಂದು ಕಾಫಿ ಹೇಳಿದೆ.

ಮುಂದಿನ ವಾರ ಅವಳು ಮದುವೆಯ ರವಿಕೆಗಳನ್ನು ಕೊಟ್ಟು ಬರಲು ಮನೆಗೆ ಬೀಗ ಹಾಕಿ ಸಂಪಿಗೆ ಎಂಬ ಊರಿಗೆ ಹೋದಳು. ಶಂಭುಲಿಂಗಯ್ಯನವರು ಅಂದೇ ಬಂದರು. ಬೀಗ ಒಡೆಯುತ್ತೇನೆಂದು ಕಲ್ಲು ಹುಡುಕಿದರು.

"ಒಡೆದರೆ ಕೇಸು ನಿಮ್ಮ ಮೇಲೇ ಆಗುತ್ತೆ ಸ್ವಾಮಿ" ಎಂದೆ, ನಮ್ಮ ಮನೆಯ ಗೇಟಿನ ಒಳಗಡೆ ನಿಂತು.

ಅವರು ಕಲ್ಲು ಬಿಟ್ಟು ಅವಳ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬಳು ಬಂದು, ಇವರು ಯಾರೆಂದು ಕೇಳದೆ ಒಂದು ಚೀಲ ಕೈಗಿಟ್ಟಳು. "ಅಜ್ಜಾ, ತೋಳು ಮೊಣಕೈ ತಂಕ ಇರ್ಲಿ ಅಂತ ಮಂಗಳಂಗೆ ಹೇಳಿ." ಇನ್ನೊಬ್ಬಳು ಬಂದು ಬೆನ್ನಿಗೆ ದಾರ ಇಡಬೇಕೆಂದಳು. ಬೇಡವೆನ್ನಲು ತಿಳಿಯದೆ ಅವರು ಎಲ್ಲವನ್ನೂ ತೊಡೆಯ ಮೇಲೆ ಪೇರಿಸಿಕೊಂಡರು. ಆಮೇಲೆ ಕಾಲೇಜಿನ ಹುಡುಗಿ ಲಿಖಿತಾ ಇನ್ನೊಂದು ಚೀಲ ಹಿಡಿದು ಬಂದಳು.

"ತಾತ, ಅಳತೆ ತಗೊಳ್ಳಕ್ಕೆ ನಮ್ಮನೆಗೇ ಬರ್ಬೇಕು ಅಂತ ಅಕ್ಕಂಗೆ ಹೇಳಿ. ಇಲ್ಲಿ ಯಾರೋ ಓನರ್ ಮುದುಕ ಹೇಳದೆ ಕೇಳದೆ ನುಗ್ತಾನಂತೆ."

"ಅವನು ಕಾಯಿ ನೋಡಕ್ಕೆ ಬರೋದು ಕಣಮ್ಮ."

"ಕಾಯಿ ನೋಡೋನಿಗೆ ಕೂಗಕ್ಕೆ ಬಾಯಿಲ್ವಾ ತಾತ? ನಿಮ್ಮನೆ ಹೆಣ್ಮಕ್ಕಳು ಬಟ್ಟೆ ಬದಲಾಯಿಸೋವಾಗ ಯಾರಾದ್ರೂ ಹಿಂಗೆ ಬಂದ್ರೆ ಸುಮ್ನಿರ್ತೀರಾ?"

ಶಂಭುಲಿಂಗಯ್ಯನವರು ಅವಳ ಚೀಲವನ್ನೂ ರಾಶಿಯ ಮೇಲಿಟ್ಟುಕೊಂಡರು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ.

ಸಂಜೆ ಮಂಗಳಾ ಆಟೋದಿಂದ ಇಳಿದಾಗ ಅವರು ಚೀಲಗಳನ್ನು ಒಂದೊಂದಾಗಿ ಕೊಟ್ಟರು. "ಇದು ಮೊಣಕೈ ತಂಕ. ಇದರ ಬೆನ್ನಿಗೆ ದಾರ. ಇದು ಒಂದು ಹುಡ್ಗೀದು. ಇಲ್ಲಿಗೆ ಬರಲ್ವಂತೆ."

"ಯಾಕಂತೆ?"

"ನಿಂಗೊತ್ತಲ್ಲ, ಬುಡು." ಆ ಸಲ ಅವರು ಕಾಯಿ ನೋಡದೆಯೇ ಬಸ್ಸಿಗೆ ಹೋದರು.

ವಾರ ಕಳೆಯುವುದರೊಳಗೆ ಬಡಗಿಯನ್ನೂ ಗಾರೆಯವನನ್ನೂ ಕರೆತಂದರು. ಓಣಿಯ ಕಡೆಯ ಗೋಡೆ ಒಡೆಸಿ ಅಟ್ಟಕ್ಕೆ ಬೇರೆ ಬಾಗಿಲಿಟ್ಟು, ಏಣಿಯನ್ನು ಹೊರಗೆ ಹಾಕಿಸಿದರು. ಒಳಗಿನಿಂದ ಅಟ್ಟಕ್ಕಿದ್ದ ಕಂಡಿಗೆ ಹಲಗೆ ಹೊಡೆಸಿದರು. ಅರ್ಧ ಒಣಗಿದ ಕಾಯಿಗಳನ್ನು ಸರಿಸುವಾಗ ಗಾರೆಯವನಿಗೆ, "ನಿದ್ದೆ ಮಾಡೋ ಕೂಸು ಎತ್ತಿದಂಗೆ ಎತ್ತಲಾ" ಎಂದು ಗದರುತ್ತಿದ್ದರು.

ಅಗ್ರಿಮೆಂಟಿಗೆ ಒಂದು ಸಾಲು ಸೇರಿಸಲು ನನ್ನನ್ನು ಕರೆದರು. ನಾನು ಹಳಗನ್ನಡದ ಹತ್ತಿರ ಹೋಗುವಂಥ ಒಂದು ವಾಕ್ಯ ಬರೆದೆ. ಇಬ್ಬರೂ ಓದಿ ಮುಖ ಮುಖ ನೋಡಿಕೊಂಡರು.

"ಹೊರಗಿಂದ ಕೂಗಿ, ಬನ್ನಿ ಅಂದ ಮೇಲೆ ಒಳಗೆ ಬರಬೇಕು ಅಂತ ಬರೀರಿ ಮೇಷ್ಟ್ರೇ" ಎಂದಳು ಮಂಗಳಾ. ಹಾಗೇ ಬರೆದೆ. ಶಂಭುಲಿಂಗಯ್ಯನವರು ರುಜು ಹಾಕಿದರು.

ಮೊನ್ನೆ ಅವರು ಹೆಂಡತಿ ಕಲ್ಲಮ್ಮನವರನ್ನು ಕರೆದುಕೊಂಡು ಬಂದಿದ್ದರು. ಕಲ್ಲಮ್ಮನವರು ಒಳಗೆ ಹೋದರು. ಇವರು ಹೊರಗಿನ ಏಣಿ ಹತ್ತಿ ಕಾಯಿ ಅಲ್ಲಾಡಿಸಿ ಇಳಿದು, ಬೀದಿಯಲ್ಲಿ ನಿಂತು ಕೂಗಿದರು.

"ಒಳಗೆ ಬರಬೋದೇನಮ್ಮ?"

"ತಡೀರಿ ಯಜಮಾನ್ರೇ, ಅಮ್ಮಾರ ಅಳತೆ ತಗೋತಿದೀನಿ."

ಅವರು ನಮ್ಮ ಜಗಲಿಗೆ ಬಂದು ಕೂತು, ಅಂಗಡಿ ತಮ್ಮದೇ ಎಂಬಂತೆ ಹೇಳಿದರು: "ತಡ ಆಯ್ತದೆ ಕಣ್ರೀ ಮೇಷ್ಟ್ರೇ. ಒಳಗೆ ಇನ್ನೂ ಮೂರು ಜನ ಕಾಯ್ತಾ ಅವ್ರೆ."