ಕೈಗೊಂದು ಪಾಲಿಸಿ ಮಾಡಿಸಿದ ಮಾವಶಿ

ಅವರ ಬಲಗೈಯಲ್ಲಿ ಮೂರೇ ಬೆರಳುಗಳು. ನಡುವಿನ ಎರಡನ್ನು ಇಚಲಕರಂಜಿಯ ಮಗ್ಗದ ಶೆಡ್ಡೊಂದರಲ್ಲಿ ನೂಲು ಸುತ್ತುವ ಯಂತ್ರದ ಪಟ್ಟಾ ಎಳೆದುಕೊಂಡಿತ್ತು. ಉಳಿದ ಮೂರರಲ್ಲೇ ಪೆನ್ನು ಹಿಡಿದು ದುಂಡಗಿನ ಅಕ್ಷರಗಳಲ್ಲಿ ವಿಮೆಯ ಫಾರ್ಮು ತುಂಬುತ್ತಿದ್ದರು. ಚೀಟಿಯ ಮೇಲೆ ಗೀಚುವ ನಮ್ಮಂಥ ಡಾಕ್ಟರುಗಳಿಗೆ ಅದನ್ನು ನೋಡಿದರೆ ನಾಚಿಕೆಯಾಗಬೇಕು.

ನಾನು ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ನಮ್ಮಪ್ಪ ಮಗ್ಗ ನಡೆಸುತ್ತಿದ್ದ ಶೆಡ್ಡಿನಲ್ಲೇ ಅವರೂ ದುಡಿಯುತ್ತಿದ್ದರು. ಬೆರಳು ಹೋದ ಮೇಲೆ ಆ ಕೆಲಸ ಬಿಟ್ಟು ವಿಮಾ ಏಜೆಂಟರಾದರು. ನಾನು ಹಲ್ಲಿನ ಡಾಕ್ಟರಾಗಿ ಗಡಹಿಂಗ್ಲಜದಲ್ಲಿ ಕ್ಲಿನಿಕ್ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಎಸ್‌ಟಿ ಬಸ್ಸು ಹಿಡಿದು ಬಂದು, ರೆಕ್ಸಿನ್ ಚೀಲ ತೊಡೆಯ ಮೇಲಿಟ್ಟುಕೊಂಡು ಪೇಷಂಟುಗಳ ನಡುವೆ ಕುಳಿತುಬಿಟ್ಟಿದ್ದರು. ನಾನು ಒಳಗೆ ಕರೆದರೂ ಬರಲಿಲ್ಲ. "ನಂದು ಹನ್ನೊಂದನೇ ನಂಬರ್ ಐತ್ರಿ ಡಾಕ್ಟರಬಾಯಿ" ಎಂದರು. ಜನರೆದುರು ಅವರಿಗೆ ನಾನು ಡಾಕ್ಟರಬಾಯಿ. ಇಬ್ಬರೇ ಇದ್ದಾಗ ಮಾತ್ರ, "ಏನವಾ, ಊಟ ಆತೇನು?"

ಅವರ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಅಷ್ಟು ಹೊತ್ತೂ ಬಾಗಿಲ ಸಂದಿಯಿಂದ ನನ್ನ ಕೆಲಸವನ್ನೇ ನೋಡುತ್ತಿದ್ದರಂತೆ. ಒಬ್ಬರ ದುಡಿಮೆ ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡದೆ ಅವರು ಯಾರಿಗೂ ಪಾಲಿಸಿ ಹೇಳುತ್ತಿರಲಿಲ್ಲ.

"ಮಾವಶಿ, ಜೀವವಿಮೆ ಐತಿ, ದವಾಖಾನಿ ಖರ್ಚಿನದೂ ಐತಿ. ಇನ್ನೇನು ಬ್ಯಾಡ" ಎಂದೆ.

"ಅವು ಎಲ್ಲಾರ ಹತ್ರಾನೂ ಇರ್ತಾವ. ಜೀವ ಇದ್ದು ಕೈ ನಡೀಲಿಲ್ಲಂದ್ರ ಏನ್ ಮಾಡ್ತಿ? ನಿನ್ನ ಹೊಟ್ಟಿ ಇರೋದು ಈ ಬಲಗೈಯಾಗ."

ಅಪಘಾತವೋ ಕಾಯಿಲೆಯೋ ಬಂದು ವೈದ್ಯರು ತಮ್ಮ ಕಸುಬು ಮಾಡಲಾಗದೆ ಹೋದರೆ, ಮರಳಿ ಕೆಲಸಕ್ಕೆ ಬರುವವರೆಗೆ ಆದಾಯದ ಒಂದು ಪಾಲನ್ನು ತಿಂಗಳು ತಿಂಗಳು ಕೊಡುವ ವಿಮೆಯೊಂದನ್ನು ಅವರು ಹೇಳಿದರು. ನಾನು ಒಪ್ಪಿದ್ದು ನಂಬಿಕೆಯಿಂದಲ್ಲ, ಅಪ್ಪನ ಸ್ನೇಹಿತೆ ಎಂಬ ದಾಕ್ಷಿಣ್ಯಕ್ಕೆ. ಚಹಾ ತರಿಸಿದರೆ ಮುಟ್ಟಲಿಲ್ಲ. ಫಾರ್ಮು ಮುಗಿಯುವ ತನಕ ಅವರು ಚಹಾ ಕುಡಿಯುತ್ತಿರಲಿಲ್ಲ. "ಕಲೆ ಬಿದ್ದ ಜಾಗಾನ ಕಂಪನಿಯವ್ರು ಓದಂಗಿಲ್ಲ ನೋಡು" ಎನ್ನುತ್ತಿದ್ದರು. ಉದ್ಯೋಗದ ಕಾಲಮ್ಮಿನಲ್ಲಿ ನಾನು 'ಡಾಕ್ಟರ್' ಎಂದು ಹೇಳಿದರೆ ಅವರು ಬರೆದದ್ದು ಬೇರೆಯೇ: ದಂತವೈದ್ಯೆ, ಹಲ್ಲು ಕೀಳುವುದು, ಬೇರಿನ ಚಿಕಿತ್ಸೆ, ಎಲ್ಲವೂ ಬಲಗೈಯಿಂದ.

ಹಿಂದಿನ ಕಾಯಿಲೆಗಳ ಪುಟ ಬಂದಾಗ 'ಏನೂ ಇಲ್ಲ' ಎಂದೆ. ಮಾವಶಿ ಪೆನ್ನು ಕೆಳಗಿಟ್ಟರು.

"ಮುಂಜಾನೆಯಿಂದ ನಾಕು ಸಲ ಕೈ ಝಾಡಿಸಿದಿ. ಬೆರಳು ಜೋಮು ಹಿಡಿತಾವೇನು?"

ಹಿಡಿಯುತ್ತಿದ್ದವು. ಬಗ್ಗಿ ಬಗ್ಗಿ ಕೆಲಸ ಮಾಡಿ ಕುತ್ತಿಗೆ ನೋವು ಬಂದು, ಹಿಂದಿನ ವರ್ಷ ಕೊಲ್ಹಾಪುರದಲ್ಲಿ ಎಕ್ಸರೇ ಕೂಡ ತೆಗೆಸಿದ್ದೆ. ಈಗ ಕಡಿಮೆಯಾಗಿದೆ, ಬರೆಯುವುದು ಬೇಡ, ಯಾರಿಗೆ ಗೊತ್ತಾಗುತ್ತದೆ ಎಂದೆ.

"ನನಗ ಗೊತ್ತಾತಲ್ಲ" ಎಂದವರು ಎಲ್ಲವನ್ನೂ ಬರೆದರು. ಆಮೇಲೆ ತಣ್ಣಗಾದ ಚಹಾ ಕುಡಿದರು.

ಅದರಿಂದ ನನಗಾದ ಕಿರಿಕಿರಿ ಅಷ್ಟಿಷ್ಟಲ್ಲ. ಕಂಪನಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು. ಒಂದು ದಿನ ಕ್ಲಿನಿಕ್ ಮುಚ್ಚಿ ಕೈಯ ನರಗಳ ಪರೀಕ್ಷೆಗೆ ಹೋಗಬೇಕಾಯಿತು. ಬಲವೆಲ್ಲ ಸರಿಯಾಗಿದೆ ಎಂದು ವರದಿ ಬಂತು. ಆದರೂ ಕಂತನ್ನು ಹೆಚ್ಚಿಸಿಯೇ ಪಾಲಿಸಿ ಕೊಟ್ಟರು. ಫೋನಿನಲ್ಲಿ ನಾನು ಮಾವಶಿಗೆ ಒರಟಾಗಿ ಮಾತಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಆ ಪರೀಕ್ಷಾದ ಕಾಗದ ಜ್ವಾಕಿ ಇಡವಾ" ಎಂದಷ್ಟೇ ಹೇಳಿದರು.

ಅದಾದ ಮೂರನೆಯ ವರ್ಷ, ಮಹಾಗಾಂವದ ಶಾಲೆಯಲ್ಲಿ ಮಕ್ಕಳ ಹಲ್ಲು ತಪಾಸಣೆ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದೆ. ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ, ಜಾರಿ ಬಿದ್ದೆ. ಕುರಿ ಕಾಯುವವರು ಓಡಿ ಬಂದು, ತಲೆಯ ರುಮಾಲು ಬಿಚ್ಚಿ ನನ್ನ ಕೈ ಕಟ್ಟಿ, "ಹೆದರಬ್ಯಾಡ್ರಿ ಬಾಯಾರ" ಎನ್ನುತ್ತಲೇ ಜೀಪೊಂದನ್ನು ನಿಲ್ಲಿಸಿದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಹೆಬ್ಬೆರಳ ನರಕ್ಕೂ ಪೆಟ್ಟಾಗಿತ್ತು. ಕೊಲ್ಹಾಪುರದಲ್ಲಿ ಆಪರೇಶನ್ ಆಯಿತು. ಮೂಳೆ ಕೂಡಿತು, ಆದರೆ ಹೆಬ್ಬೆರಳು ಒಂದು ಚಮಚವನ್ನೂ ಹಿಡಿಯುತ್ತಿರಲಿಲ್ಲ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮ ನನಗೆ ಅನ್ನ ಕಲಸಿ ತಿನ್ನಿಸುತ್ತ, ಮುಂದೇನು ಎಂದು ಕೇಳಬಾರದೆಂದು ಬೇರೆ ಬೇರೆ ಮಾತಾಡುತ್ತಿದ್ದಳು. ಕ್ಲಿನಿಕ್ಕಿನ ಬಾಗಿಲು ಮುಚ್ಚಿಯೇ ಇತ್ತು.

ವಿಮೆಯ ಹಣಕ್ಕೆ ಅರ್ಜಿ ಹಾಕಿದೆವು. ಕಂಪನಿಯ ತನಿಖಾಧಿಕಾರಿ ಮನೆಗೆ ಬರುವ ದಿನ ಮಾವಶಿ ಅವರಿಗಿಂತ ಮೊದಲೇ ಬಂದು ಕುಳಿತಿದ್ದರು. ಅಧಿಕಾರಿ ಸಭ್ಯ ಮನುಷ್ಯ. ಆದರೆ ಅವರ ಫೈಲಿನಲ್ಲಿ ನನ್ನ ಫಾರ್ಮು ಇರಲಿಲ್ಲ, ಆಸ್ಪತ್ರೆಯಿಂದ ತರಿಸಿದ ಕುತ್ತಿಗೆಯ ಹಳೆಯ ಎಕ್ಸರೇಯ ಪ್ರತಿ ಮಾತ್ರ ಇತ್ತು. ಬೆರಳಿನ ತೊಂದರೆ ಅಪಘಾತಕ್ಕೂ ಮೊದಲೇ ಇತ್ತಲ್ಲ, ಅದನ್ನು ಮುಚ್ಚಿಟ್ಟಿರಾ ಎಂದು ಮರಾಠಿಯಲ್ಲಿ ಕೇಳಿದರು. ಮಾವಶಿ ಚೀಲದಿಂದ ಫಾರ್ಮಿನ ಜೆರಾಕ್ಸ್ ತೆಗೆದು ಆ ಪುಟದ ಮೇಲೆ ಬೆರಳಿಟ್ಟರು.

"ಹೇ ಬಘಾ ಸಾಹೇಬ, ಕಾಹೀ ಲಪವಲಂ ನಾಹೀ." ಏನೂ ಮುಚ್ಚಿಟ್ಟಿಲ್ಲ ನೋಡಿ. ಆಮೇಲೆ ನನ್ನ ಕಡೆ ತಿರುಗಿ, "ಆ ಪರೀಕ್ಷಾದ ಕಾಗದ ಕೊಡವಾ" ಎಂದರು.

ಅಪಘಾತಕ್ಕೆ ಮೊದಲು ನನ್ನ ಕೈಯ ಬಲ ಪೂರ್ತಿ ಸರಿಯಾಗಿತ್ತು ಎಂದು ಅವರದೇ ಕಂಪನಿ ಮಾಡಿಸಿದ ಪರೀಕ್ಷೆ ಹೇಳುತ್ತಿತ್ತು. ಅಧಿಕಾರಿ ಎರಡು ಸಲ ಓದಿದರು. ಆದರೂ ಇನ್ನೊಂದು ಪ್ರಶ್ನೆ ಉಳಿದಿತ್ತು: ಪೇಷಂಟುಗಳನ್ನು ನೋಡಿ ಔಷಧಿ ಬರೆದುಕೊಡಬಹುದಲ್ಲ, ಅದೂ ಡಾಕ್ಟರ ಕೆಲಸವೇ ತಾನೆ? ಮಾವಶಿ ಉದ್ಯೋಗದ ಕಾಲಮ್ಮನ್ನು ತೋರಿಸಿದರು. ಅದನ್ನೂ ಓದಿ ಅವರು ಫೈಲು ಮುಚ್ಚಿದರು. ಅಮ್ಮ ಕೊಟ್ಟ ಚಹಾ ಕುಡಿದು, "ಕಾಳಜೀ ಕರೂ ನಕಾ", ಚಿಂತೆ ಮಾಡಬೇಡಿ, ಎಂದು ಹೇಳಿ ಹೊರಟರು.

ಮೂರು ವಾರದ ನಂತರ ಹಣ ಮಂಜೂರಾದ ಪತ್ರ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟಳು. ನಾನು ಆ ಮಧ್ಯಾಹ್ನ ಮಲಗಿ, ಬಿದ್ದ ದಿನದಿಂದ ಮೊದಲ ಬಾರಿಗೆ ಮೂರು ತಾಸು ಎಚ್ಚರವಿಲ್ಲದೆ ನಿದ್ದೆ ಮಾಡಿದೆ. ಹೆಬ್ಬೆರಳು ಸರಿಹೋಗಲು ಹತ್ತು ತಿಂಗಳು ಹಿಡಿಯಿತು. ಅವಸರ ಮಾಡದೆ ಅಷ್ಟು ದಿನ ಕಾಯಲು ನನಗೆ ಸಾಧ್ಯವಾಯಿತು, ಅಷ್ಟೆ. ಅದೇ ದೊಡ್ಡದು.

ಈಗ ಮಾವಶಿಗೆ ಮಂಡಿನೋವು. ಬಸ್ಸು ಹತ್ತುವುದಿಲ್ಲ. ನಾನೇ ಇಚಲಕರಂಜಿಗೆ ಹೋಗಿ ನೋಡಿಬರುತ್ತೇನೆ. ಆದರೆ ಅವರ ನೆನಪಾದಾಗಲೆಲ್ಲ ಕಣ್ಣಿಗೆ ಬರುವುದು ನಾನು ಕ್ಲಿನಿಕ್ ಮತ್ತೆ ತೆರೆದ ದಿನ. ಇಕ್ಕಳ ಹಿಡಿಯಲು ನನಗೆ ಭಯವಾಗಿ, ಮೊದಲ ಇಬ್ಬರನ್ನು ಬರೀ ಔಷಧಿ ಕೊಟ್ಟು ಕಳಿಸಿದ್ದೆ. ಮೂರನೆಯ ನಂಬರ್ ಮಾವಶಿಯದು. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಒಂದು ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು.

"ಇದು ಯಾವಾಗಿಂದು ಮಾವಶಿ?"

"ಆರ್ ತಿಂಗಳಾತು. ಬ್ಯಾರೆ ಡಾಕ್ಟರಗ ಯಾಕ ತೋರಸ್ಲಿ? ನೀ ಬರ್ತಿದ್ದಿ, ಗೊತ್ತಿತ್ತು. ತಗಿ."

ಜೋಮಿನ ಇಂಜೆಕ್ಷನ್ ಕೊಟ್ಟೆ. ಹೆಬ್ಬೆರಳು ಇಕ್ಕಳವನ್ನು ಹಿಡಿಯಿತು, ಜಾರಲಿಲ್ಲ. ಹಲ್ಲು ಬೇರುಸಹಿತ ಬಂತು. ಅದನ್ನು ಟ್ರೇಯಲ್ಲಿ ಹಾಕಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಮಾವಶಿ ಹತ್ತಿ ಕಚ್ಚಿಕೊಂಡಿದ್ದರು, ಮಾತಾಡುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಬೆನ್ನು ಸವರಿದರು. ಆಮೇಲೆ ಹೊರಗೆ ಕಾಯುತ್ತಿದ್ದವರತ್ತ ಕೈ ತೋರಿಸಿ, ಕರೆ ಎಂದು ಸನ್ನೆ ಮಾಡಿದರು. ನಾನು ಕಣ್ಣೊರೆಸಿಕೊಂಡು ನಾಲ್ಕನೆಯ ನಂಬರಿನವರನ್ನು ಕರೆದೆ.