ಬೀಡಿ ಕಟ್ಟುವವರಿಗೆ ಓದಿ ಹೇಳಿದ ಪಾಠಗಳು

ಎಂಬತ್ತನಾಲ್ಕರಲ್ಲಿ ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅಪ್ಪ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಕೇರಳದ ಗಡಿಯೊಳಗಿನ ಮಂಗಲ್ಪಾಡಿಯ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಊಟ ಮುಗಿಸಿ ನೆರೆಮನೆಯ ಬ್ಯಾರಿ ಹೆಂಗಸು ತನ್ನ ತಡ್ಪೆ, ಅಂದರೆ ಬೀಡಿ ಎಲೆಯ ಮೊರ, ಎತ್ತಿಕೊಂಡು ಬಂದು ಅವಳ ಪಕ್ಕ ಕೂರುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಬ್ಬರಿಗೂ ಓದು ಬರುತ್ತಿರಲಿಲ್ಲ. ಆದರೆ ಶಾಲೆಯಿಂದ ಬಂದು ಚಾ ಕುಡಿದ ಕೂಡಲೇ ಅಮ್ಮ, "ಬಾ, ಇವತ್ತು ಎಂತ ಕಲಿಸಿದ್ದು? ದೊಡ್ಡದಾಗಿ ಓದು. ನಮ್ಮ ಕೈಗೆ ಮಾತ್ರ ಕೆಲಸ, ಕಿವಿ ಖಾಲಿ ಉಂಟು" ಎನ್ನುತ್ತಿದ್ದಳು. ಕನ್ನಡ ಪಾಠಗಳು ಅವರಿಗೆ ಸಾಕಷ್ಟು ಅರ್ಥವಾಗುತ್ತಿದ್ದವು. ನಾನು ತಡವರಿಸಿದರೆ ಅಮ್ಮನ ತಲೆ ಮೇಲೇಳುತ್ತಿತ್ತು. "ಪುನಃ ಓದು."

ಒಮ್ಮೆ ಚರಿತ್ರೆಯ ಪಾಠದಲ್ಲಿ ಮಗನೇ ಸೆರೆಯಲ್ಲಿಟ್ಟ ಬಾದಶಹನ ಕಥೆ ಬಂತು. ಅಕ್ಕ ನೂಲು ಸುತ್ತುವುದನ್ನೇ ನಿಲ್ಲಿಸಿದರು. "ಸ್ವಂತ ಅಪ್ಪನನ್ನಾ? ಛೆ!" ಮರುದಿನ ನಾನು ಗೇಟು ದಾಟುವ ಮೊದಲೇ ಅವರ ಪ್ರಶ್ನೆ ಬಂತು: "ಆ ಮುದುಕನನ್ನು ಬಿಟ್ಟರಾ ಮಗಾ?" ಬಿಡಲಿಲ್ಲ ಎಂದು ಹೇಳಲು ನನಗೆ ಬಹಳ ಬೇಸರವಾಯಿತು.

ಏಳನೇ ಕ್ಲಾಸು ಮುಗಿದ ಮೇಲೆ ನನ್ನ ಜೊತೆಯ ಕೆಲವು ಹುಡುಗಿಯರು ಬೀಡಿಗೆ ಕೂತರು. ಅಮ್ಮ ನನಗೆ ಕತ್ತರಿ ಮುಟ್ಟಲೂ ಬಿಡಲಿಲ್ಲ. ಎಲೆಗೆ ನೀರು ಚಿಮುಕಿಸುತ್ತೇನೆ ಎಂದರೂ, "ನೀನು ಓದು" ಎಂದು ಗದರಿಸುತ್ತಿದ್ದಳು.

ಎಸ್ಸೆಸ್ಸೆಲ್ಸಿ ಪಾಸಾಗಿ ಕಾಸರಗೋಡಿನಲ್ಲಿ ಪಿಯುಸಿಗೆ ಸಮನಾದ ಪ್ರಿಡಿಗ್ರಿ ಸೈನ್ಸಿಗೆ ಸೇರಿದೆ. ಕನ್ನಡದಲ್ಲಿ ಕಲಿತು ಬಂದವಳಿಗೆ ಅಲ್ಲಿ ಪುಸ್ತಕವೆಲ್ಲ ಇಂಗ್ಲಿಷ್, ವಿವರಣೆ ಮಲಯಾಳದಲ್ಲಿ. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಳ್ಳುವುದಷ್ಟೇ ನನ್ನ ಕೆಲಸವಾಯಿತು. ಮನೆಗೆ ಬಂದರೆ ಒಳಕೋಣೆಯಲ್ಲಿ ಪುಸ್ತಕ ಬಿಡಿಸಿ ಸುಮ್ಮನೆ ಕೂರುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಝುವಾಲಜಿಯಲ್ಲಿ ಫೇಲಾದೆ.

"ಈಗೆಂತ, ನಿನ್ನ ಪುಸ್ತಕದಲ್ಲಿ ನಮಗೆ ಕೇಳುವಂಥದ್ದು ಎಂತದ್ದೂ ಇಲ್ವಾ?" ಎಂದು ಅಮ್ಮ ಒಂದು ಸಂಜೆ ಕೇಳಿದಳು.

"ಎಲ್ಲ ಇಂಗ್ಲಿಷ್ ಅಮ್ಮ. ನಿಮಗೆ ಅರ್ಥ ಆಗ್ಲಿಕ್ಕಿಲ್ಲ."

"ನಿನಗೆ ಆಗ್ತದಾ?"

ಅಮ್ಮ ತಡ್ಪೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. "ಬಾ, ಇಲ್ಲಿ ಕೂತುಕೋ. ತುಳುವಿನಲ್ಲಿ ಹೇಳು. ಹೇಳ್ಲಿಕ್ಕೆ ಆಗದಿದ್ದಲ್ಲಿ ನಿಲ್ಲಿಸು."

ಅಂದು ಹೃದಯದ ಪಾಠ. ಒಂದೊಂದು ವಾಕ್ಯಕ್ಕೂ ಡಿಕ್ಷನರಿ ತೆಗೆಯಬೇಕಾಯಿತು. ವಾಲ್ವಿಗೆ ಏನೆನ್ನಬೇಕೆಂದು ತೋಚದೆ ಕೊನೆಗೆ, "ನಮ್ಮ ಬಾವಿಯ ಪಂಪಿಗೆ ಫುಟ್‌ವಾಲ್ವ್ ಉಂಟಲ್ಲ, ಹತ್ತಿದ ನೀರು ವಾಪಸ್ ಇಳಿಯದ ಹಾಗೆ, ಅದೇ" ಎಂದೆ. ಹೇಳುತ್ತಿದ್ದಂತೆ ನನಗೇ ಅದು ಮೊದಲ ಬಾರಿ ಅರ್ಥವಾಯಿತು.

ಅಕ್ಕ ಕೇಳಿದರು: "ಹಾಗಾದರೆ ಹಾಳಾದ ರಕ್ತ ಒಳ್ಳೆಯದಾಗುವುದು ಹೇಗೆ ಮಗಾ?"

"ಶ್ವಾಸಕೋಶಕ್ಕೆ ಹೋಗಿ..." ಎಂದು ಶುರುಮಾಡಿ ಅಲ್ಲೇ ನಿಂತೆ.

"ನಾಳೆ ಕೇಳಿಕೊಂಡು ಬಾ" ಎಂದಳು ಅಮ್ಮ.

ಮರುದಿನ ತರಗತಿಯಲ್ಲಿ ಎದ್ದು ನಿಂತೆ. ಅರ್ಧ ಇಂಗ್ಲಿಷ್, ಅರ್ಧ ಹರಕು ಮಲಯಾಳದಲ್ಲಿ ಪ್ರಶ್ನೆ ಕೇಳಿದೆ. ಕೆಲವರು ನಕ್ಕರು. ಟೀಚರ್ ನಗಲಿಲ್ಲ, ಚಿತ್ರ ಬರೆದು ನಿಧಾನವಾಗಿ ಹೇಳಿಕೊಟ್ಟರು. ಆಮೇಲೆ ದಿನವೂ ಏನಾದರೊಂದು ಕೇಳಿಕೊಂಡು ಹೋಗುವುದು ಅಭ್ಯಾಸವಾಯಿತು. ಕೇಳದೆ ಹೋದರೆ ಸಂಜೆ ಜಗಲಿಯಲ್ಲಿ ನನಗೆ ಬಿಡುಗಡೆ ಇರಲಿಲ್ಲ.

ಹೀಗೆ ಪ್ರಿಡಿಗ್ರಿ ದಾಟಿತು, ಅದೇ ಝುವಾಲಜಿಯಲ್ಲಿ ಬಿ.ಎಸ್ಸಿ.ಯೂ ಮುಗಿಯಿತು. ಆ ಸಂಜೆಗಳನ್ನು ನೆನೆದರೆ ಹೊಗೆಸೊಪ್ಪಿನ ಘಾಟು ಈಗಲೂ ಮೂಗಿಗೆ ಬಂದ ಹಾಗಾಗುತ್ತದೆ.

ಡಿಗ್ರಿಯ ಫಲಿತಾಂಶ ನೋಡಿ ಬಸ್ಸಿಳಿದು ಓಡಿ ಬಂದೆ. "ಫಸ್ಟ್ ಕ್ಲಾಸ್!" ಅಕ್ಕ ನನ್ನ ಎರಡೂ ಕೆನ್ನೆ ಹಿಡಿದು ಅತ್ತೇಬಿಟ್ಟರು. ಅಮ್ಮ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿ, ಒಳಗೆ ಹೋಗಿ, ಸಕ್ಕರೆ ಹೆಚ್ಚು ಹಾಕಿದ ಚಾ ತಂದಳು. ನಾನು ಕುಡಿಯುವುದನ್ನೇ ನೋಡುತ್ತಾ ಕೂತು ಕೇಳಿದಳು:

"ಇನ್ನು ಮುಂದೆ ಎಂತ ಉಂಟು ಓದ್ಲಿಕ್ಕೆ?"

"ಬಿ.ಎಡ್. ಅಂತ ಉಂಟು. ಮಂಗಳೂರಿಗೆ ಹೋಗಬೇಕು."

"ಹೋಗು" ಎಂದಳು. "ಅದನ್ನೂ ಓದು."