ಮಾಳಿಗೆ ಮೇಲಿನ ಕೋಟೆ

ಮೊನ್ನೆ ಇಲ್ಲೇ ಮೊಳಕಾಲ್ಮೂರಿನಲ್ಲಿ ಸೋದರಮಾವನ ಮನೆಯ ಹಳೇ ಮಣ್ಣಿನ ಮಾಳಿಗೆ ಇಳಿಸುತ್ತಿದ್ದರು. ಕೆಳಗೆ ಬೆಪ್ಪನಂತೆ ಮೇಲೆ ನೋಡುತ್ತ ನಿಂತಿದ್ದ ನನ್ನ ಮುಖದ ಮೇಲೆ ಒಂದು ಬುಟ್ಟಿ ಮಣ್ಣು ಬಿತ್ತು. ಬಾಯಿಗೂ ಹೋಯಿತು. ಉಪ್ಪುಪ್ಪು. ಥೂ ಎಂದು ಉಗುಳಿದ ಮೇಲೆ ಸಂಕೋಚವಾಯಿತು, ಯಾಕೆಂದರೆ ಅದು ನಮ್ಮೂರ ಕೋಟೆ.

ಹೇಳುತ್ತೇನೆ, ಇಲ್ಲೇ ಜಗಲಿ ಮೇಲೆ ಕೂತುಕೊಳ್ಳಿ. ನಿಂತು ಹೇಳುವಷ್ಟು ತ್ರಾಣ ನನಗೂ ಉಳಿದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯಿಂದ ಇಲ್ಲಿಗೆ ಮೇಷ್ಟರ ಕೆಲಸಕ್ಕೆ ಬಂದು ಮಾವನ ಮನೆಯಲ್ಲೇ ಉಳಿದಿದ್ದೆ. ಆಗ ಕೋಟೆಯೆಂದರೆ ಊರಾಚೆ ನಿಂತಿದ್ದ ಒಂದೇ ಒಂದು ಮಣ್ಣಿನ ಕೊತ್ತಲ. ಮಾವ ರೇಷ್ಮೆ ಸೀರೆ ನೇಯುವವನು. ಮದುವೆ ಸೀರೆಗೆಂದು ಬಂದವರನ್ನು ಮಗ್ಗದ ಹತ್ತಿರ ಬಿಡುವ ಮೊದಲು ಆ ಕೊತ್ತಲಕ್ಕೆ ನಡೆಸಿಕೊಂಡು ಹೋಗುತ್ತಿದ್ದ. ಬಿಸಿಲೋ ಬಿಸಿಲು, ಅವರು ಪಾಪ ಬೆವರೊರೆಸಿಕೊಳ್ಳುತ್ತ ಕೇಳಬೇಕು. ದುರ್ಗದವರು ಬಂದರೆ ಅದನ್ನು ದುರ್ಗದ ನಾಯಕರು ಕಟ್ಟಿಸಿದ್ದು. ರಾಯದುರ್ಗದವರು ಬಂದರೆ ರಾಯದುರ್ಗದ ಪಾಳೇಗಾರರು. ಇದೇನು ಮಾವ ಅಂದರೆ ರೇಗುತ್ತಿದ್ದ.

“ಲೇ, ಯಾರು ಕಟ್ಟಿದ್ರೇನಲೇ? ನಿಂತೈತಲ್ಲ, ಅದು ನೋಡು. ಬ್ರಹ್ಮಗಿರಿ ಶಾಸನದ ಬಂಡೆಗೆ ಕಾವಲೈತೆ, ಜಟಿಂಗ ರಾಮೇಶ್ವರಗೆ ಪೂಜೆ ಐತೆ. ಇದಕ್ಯಾರವ್ರೆ?”

ಇದಕ್ಕೆ ಇದ್ದವರೆಂದರೆ ಊರಿನವರೇ, ಬುಟ್ಟಿ ಹಿಡಿದು. ನಮ್ಮ ಕಡೆಯ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯಬೇಕು, ಅದೂ ನೀರು ಇಳಿಯಗೊಡದ, ಉಪ್ಪು ಬೆರೆತ ಕರ್ಲು ಮಣ್ಣನ್ನೇ. ಕೋಟೆ ಕಟ್ಟಿದವರು ಎಲ್ಲಿಂದ ಹೊತ್ತು ತಂದಿದ್ದರೋ, ಕೊತ್ತಲದಲ್ಲಿದ್ದದ್ದು ಅದೇ. ಹಾಗಾಗಿ ತಲೆತಲಾಂತರದಿಂದ ಎಲ್ಲರೂ ಅಗೆದು ಒಯ್ಯುತ್ತಿದ್ದರು. ಒಂದು ಬೇಸಿಗೆ ಮಾವ ಅಲ್ಲಿ ಒಂದು ಕಲ್ಲಿನ ಮೇಲೆ ಕೊಡೆ ಹಿಡಿದು ಕೂತು ಬಂದವರ ಜೊತೆಗೆಲ್ಲ ಜಗಳಕ್ಕೆ ಬಿದ್ದ. ಎದುರುಮನೆಯ ಹೆಂಗಸು ಬುಟ್ಟಿ ಸೊಂಟಕ್ಕಿಟ್ಟುಕೊಂಡೇ ಕೇಳಿದಳು.

“ಅಲ್ಲಣ್ಣ, ನಿಮ್ಮ ಮಾಳಿಗೆ ಮ್ಯಾಲೆ ಇರೋದೇನು, ಬಂಗಾರನಾ?”

ಮಾವ ಕೊಡೆ ಮಡಚಿಕೊಂಡು ಮನೆಗೆ ಬಂದ. ಇನ್ನು ಮೇಲೆ ತನ್ನ ಮಾಳಿಗೆಗೆ ಕೋಟೆಯ ಮಣ್ಣು ಒಂದು ಹಿಡಿಯೂ ಬೇಡ ಎಂದು ಹಟ ಹಿಡಿದ. ಆ ವರ್ಷ ಕೆರೆ ಮಣ್ಣು ತರಿಸಿ ಬಡಿಸಿದ. ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಮೊದಲ ಬಿಸಿಲಿಗೇ ಅದು ಬಿರುಕು ಬಿಟ್ಟಿತು.

ನಮ್ಮಲ್ಲಿ ಮಳೆ ಬರುವುದೇ ಅಪರೂಪ. ಬಂದದ್ದು ಒಂದು ಮಧ್ಯಾಹ್ನ, ಮಗ್ಗದ ಮೇಲೆ ಧಾರೆ ಸೀರೆ ಮುಕ್ಕಾಲು ನೇಯ್ದಿದ್ದಾಗ. ಮಾಳಿಗೆ ಸರಿಯಾಗಿ ಮಗ್ಗದ ಮೇಲೇ ಸೋರಿತು. ಅತ್ತೆಗೆ ಸಿಟ್ಟು ಬಂದರೆ ಅವಳ ತವರಿನ ತೆಲುಗು ಬರುತ್ತಿತ್ತು.

“ಅಯ್ಯೋ ದೇವುಡಾ, ಪಡುಗಂತಾ ತಡ್ಸಿಪಾಯ!”

ಅವಳೆಂದಂತೆ ಹಾಸಿನ ನೂಲೆಲ್ಲ ನೆನೆದು, ಅಂಚಿನ ಕೆಂಪು ಬಣ್ಣ ಬಿಳಿ ಒಡಲಿಗೆ ಇಳಿದಿತ್ತು. ಸೀರೆ ಹೇಳಿದವರ ಮದುವೆಗೆ ಇನ್ನೊಂದು ವಾರ. ಅತ್ತೆ ಸೆರಗಿನಿಂದ ಒರೆಸುತ್ತ ಅಳುತ್ತಿದ್ದಳು. ಮಾವ ಹಿತ್ತಲಿನಿಂದ ಬುಟ್ಟಿ, ಸನಿಕೆ ತಗೊಂಡು ಮಳೆಯಲ್ಲೇ ಕೊತ್ತಲಕ್ಕೆ ನಡೆದ. ಹಿಂದೆಯೇ ನಾನೂ ಹೋದೆ. ತಾನೇ ಅಗೆದ, ತಾನೇ ಹೊತ್ತ. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಮಾವ ನಾಲ್ಕು ಬೈದು ಹಗುರಾಗುತ್ತಿದ್ದನೇನೋ.

ಆಮೇಲೆ ಅವನು ಯಾರನ್ನೂ ಕೊತ್ತಲಕ್ಕೆ ಕರೆದೊಯ್ಯಲಿಲ್ಲ. ಯಾರಾದರೂ ಕೋಟೆ ಎಲ್ಲಿ ಅಂತ ಕೇಳಿದರೆ ಸೂರಿನ ಕಡೆ ಕೈ ತೋರಿಸುತ್ತಿದ್ದ. “ಎಲ್ಲೂ ಹೋಗಿಲ್ಲಪ್ಪ. ತಲೆ ಮ್ಯಾಲೇ ಐತೆ.” ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ ಸಂಕಟವಾಗುತ್ತಿತ್ತು. ಕೊತ್ತಲ ವರ್ಷವರ್ಷ ಕುಗ್ಗುತ್ತ ಒಂದು ದಿನ ಬರಿ ಬಯಲಾಯಿತು. ಅದು ಹೋದ ಮೇಲೆ ಮಾವನೂ ಹೆಚ್ಚು ದಿನ ಇರಲಿಲ್ಲ.

ಮೊನ್ನೆ ಮಾಳಿಗೆಯ ಮಣ್ಣೆಲ್ಲ ಟ್ರ್ಯಾಕ್ಟರಿಗೆ ತುಂಬಿದ ಮೇಲೆ ಡ್ರೈವರ್ ಕೇಳಿದ. “ಎಲ್ಲಿ ಸುರೀಲವ್ವ? ಹಳ್ಳಕ್ಕಾ?”

ಅತ್ತೆ ಆ ಮಣ್ಣಿನ ಮೇಲೊಮ್ಮೆ ಕೈಯಾಡಿಸಿದಳು. “ಎಲ್ಲಿಂದ ತಂದ್ವೋ ಅಲ್ಲಿಗೇ ಸುರಿಯಪ್ಪ. ನಮ್ಮ ಯಜಮಾನ್ರಿಗೆ ಅಷ್ಟಾದ್ರೂ ಸಮಾಧಾನ ಆಗ್ಲಿ.”

ಜಾಗ ತೋರಿಸಲು ನಾನು ಜೊತೆಗೆ ಹೋದೆ. ಸುತ್ತ ಅಂಗಡಿಗಳು, ನಡುವೆ ಜಾಲಿ ಬೆಳೆದ ಖಾಲಿ ಜಾಗ. ಸುರಿದದ್ದು ಸೊಂಟದೆತ್ತರದ ಗುಡ್ಡೆಯಾಯಿತು. ಒಂದು ಕೋಟೆಗೆ ಇಷ್ಟೇನಾ ಎನ್ನಿಸಿತು. ಟ್ರ್ಯಾಕ್ಟರ್ ತಿರುಗುವಷ್ಟರಲ್ಲೇ ಒಬ್ಬಳು ಮುದುಕಿ ಬುಟ್ಟಿ ಹಿಡಿದು ಬಂದಳು.

“ಕರ್ಲು ಮಣ್ಣೇನಪ್ಪ? ಈಗೆಲ್ಲಿ ಸಿಗ್ತೈತೆ ಇದು! ನಮ್ಮ ಮಾಳಿಗೆ ಸೋರ್ತೈತೆ. ಒಂದು ಬುಟ್ಟಿ ತಗಳ್ಲಾ?”

ಮಾವನ ಬೈಗುಳ ನನ್ನ ಬಾಯಿಯವರೆಗೆ ಬಂತು. ನಾಲಿಗೆಯ ಮೇಲೆ ಇನ್ನೂ ಆ ಉಪ್ಪು ಇತ್ತು.

“ತಗಳವ್ವ” ಎಂದೆ.

ತುಂಬಿದ ಬುಟ್ಟಿಗೆ ಕೈ ಕೊಟ್ಟು ಅವಳ ತಲೆಗೆ ಎತ್ತಿಟ್ಟೆ. ಮುದುಕಿ ಅದನ್ನು ಹೇಗೆ ಹೊತ್ತಳೋ, ಅಷ್ಟು ಭಾರ.

“ಇನ್ನೊಂದಕ್ಕೆ ಬರ್ತೀನಿ, ಎತ್ತಾಕೆ ಯಾರೂ ಇಲ್ಲ, ಇಲ್ಲೇ ಇರಪ್ಪ” ಎಂದು ಹೋದಳು. ಮಾವ ಕೊಡೆ ಹಿಡಿದು ಕೂರುತ್ತಿದ್ದ ಕಲ್ಲು ಜಾಲಿಯ ಬುಡದಲ್ಲಿ ಹಾಗೇ ಇತ್ತು. ಅದರ ಮೇಲೆ ಕೂತು ಅವಳು ಬರುವುದನ್ನೇ ಕಾದೆ.